ಗುರುತಿಲ್ಲದವರೊಡನೆ ಮಾತು

ಮನುಷ್ಯನು ತನ್ನ ಜೀವಮಾನದಲ್ಲಿ ಆಡುವ ಮಾತಿನ ಬಹುಭಾಗವು ಬಲ್ಲವರೊಡನೆ ಆಡುವ ಮಾತು. ಮನೆಯವರು, ನೆರೆಯವರು, ನಂಟರಿಷ್ಟರು, ಜೊತೆಯಲ್ಲಿ ಕೆಲಸಮಾಡುವವರು, ಇವರೊಡನೆ ನಡೆಯುವ ಸಂಭಾಷಣೆಗೆ ಪೀಠಿಕೆಯೇ ಬೇಕಾಗಿಲ್ಲ. ನಿನ್ನೆ ನಿಂತ ಮಾತು ಇಂದು ಮುಂದುವರಿಯುವುದು. ಆದರೆ ಮೊದಲ ಸಲ ಕಂಡವನೊಡನೆ, ಮತ್ತೊಮ್ಮೆ ಕಾಣುವೆನೆಂಬ ನೆಚ್ಚಿಕೆಯಿಲ್ಲದವನೊಡನೆ, ಮಾತು ಹೇಗೆ ಮೊದಲಾಗುತ್ತದೆ? ಮೊದಲಾದ ಮಾತು ಎಲ್ಲಿ ಮುರಿಯುತ್ತದೆ, ಎಲ್ಲಿ ಬೆಳೆಯುತ್ತದೆ? ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ನಮ್ಮ ನಾಡಿನ ಹಾದಿಬೀದಿಗಳಲ್ಲಿ ಹುಡುಕುವುದು ಲೇಸೆಂದು ನನಗೆ ತೋರುವುದು. ಅಂಥ ಹಾದಿಗಳಲ್ಲಿ ಒಂದನ್ನು ಈ ಭಾಷಣಕ್ಕಾಗಿ ಆರಿಸಿಕೊಂಡಿದ್ದೇನೆ.

ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಈಚೆಗೆ ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾಂವಿ ತಾಲ್ಲೂಕಿನಲ್ಲಿ ಹುಲಗೂರು ಎಂಬ ಊರು ಉಂಟು. ಹಜರತ್ ಶಾ ಖಾದರಿಯವರ ದರ್ಗಾ ಇರುವ ಕಾರಣದಿಂದ ಆ ಸೀಮೆಯವರೆಲ್ಲರಿಗೂ ಪರಿಚಿತವಾದ ಊರು ಇದು. ಅದೇ ತಾಲ್ಲೂಕಿನಲ್ಲಿ ಶಿಶುನಾಳ. ಪಕ್ಕದ ಕುಂದಗೋಳ ತಾಲ್ಲೂಕಿನಲ್ಲಿ ಕಳಸ. ಮೂರೂ ಎರೆಯ ಹೊಲಗಳ ನಡುವಣ ಊರುಗಳು. ಹಿಂದಿನವರು ಕಾಲ್ನಡೆಯಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗಿಬರುತ್ತಿದ್ದರು. ಕನ್ನಡ ನಾಡಿನಲ್ಲಿ ಇಬ್ಬರು ಅಪರಿಚಿತರು ನಡೆಸಿದ ಸಂಭಾಷಣೆಗಳಲ್ಲಿ ಅತ್ಯಂತ ಹೆಸರಾದುದೊಂದು ಈ ಮೂರು ಊರುಗಳ ನಡುವೆ ನಡೆಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ನುಡಿಯಲ್ಲಿ ಅಪರಿಚಿತನಿಗೆ ಯಾವ ಸ್ಥಾನವಿದೆಯೆಂಬುದನ್ನು ಸ್ವಲ್ಪ ನೋಡೋಣ.

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದವನ್ನು ಗಮನಿಸಿರಿ. ಬೇರೆ ದೇಶದವನು ಎಂಬುದು ಅದರ ಮೂಲಾರ್ಥ. ಆದರೆ ನಮ್ಮ ಹಳ್ಳಿಗಳಲ್ಲಿ ಪರದೇಶಿಯೆಂದರೆ ಹಿಂದುಮುಂದು ಯಾರೂ ಇಲ್ಲದವನು, ಅನಾಥನು. ತಾಯಿಯನ್ನು ಕಳೆದುಕೊಂಡ ಮಗುವನ್ನು ‘ಪಾಪ, ಪರದೇಶಿ ಕೂಸು’ ಎನ್ನುವರು. ಆ ಕೂಸು ಹುಟ್ಟಿದ ಊರನ್ನು ಬಿಟ್ಟು ಕದಲಿಯೇ ಇರುವುದಿಲ್ಲ! ಬಲ್ಲವರಿಲ್ಲದ ಎಡೆಯಲ್ಲಿ ಇರುವುದೇ ಅನಾಥತ್ವವೆಂದು ನಮ್ಮ ಹಿರಿಯರು ಎಣಿಸಿದಂತೆ ಕಾಣುವುದು. ಇದು ಒಂದು ಕಡೆ. ಇನ್ನೊಂದು ಕಡೆ, ಅದೇ ನುಡಿಯು ಗುರುತಿಲ್ಲದವನನ್ನು ಕರೆಯುವುದಕ್ಕೆ ಬೇರೆ ಮಾತನ್ನೇ ಇಟ್ಟುಕೊಂಡಿಲ್ಲ. ದಾರಿ ಕೇಳುವವನು ‘ಅಣ್ಣಾ’ ಎನ್ನುವನು. ನೀರು ಕೇಳುವವನು ‘ಯವ್ವಾ’ ಎನ್ನುವನು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಕೊಳ್ಳುವವಳಿಗೆ ಅಕ್ಕ. ಬಸ್ಸಿನಲ್ಲಿ ಪಕ್ಕಕ್ಕೆ ಸರಿಯೆಂದು ಬೇಡುವ ಮುದುಕನಿಗೆ ಯುವಕನು ತಮ್ಮ. ಗಡ್ಡದ ಮುಸಲ್ಮಾನ ವೃದ್ಧನು ಊರಿಗೆಲ್ಲ ಕಾಕಾ. ಧಾರವಾಡದ ಕಡೆಯ ‘ರೀ’ ಎಂಬ ಒಂದು ಅಕ್ಷರವಂತೂ ಗುರುತಿದ್ದವರಿಗೂ ಇಲ್ಲದವರಿಗೂ ಸಮನಾಗಿ ಸಲ್ಲುವ ಗೌರವ. ಹೀಗೆ ನಮ್ಮ ಭಾಷೆಯು ಅಪರಿಚಿತನನ್ನು ಮೊದಲ ಶಬ್ದದಲ್ಲಿಯೇ ಮನೆಯವನನ್ನಾಗಿ ಮಾಡಿಕೊಂಡುಬಿಡುವುದು. ನಿಜವಾದ ತೊಡಕು ಇರುವುದು ಮೊದಲ ಶಬ್ದದಲ್ಲಿ ಅಲ್ಲ, ಅದರ ಬೆನ್ನಿಗೆ ಬರುವ ಪ್ರಶ್ನೆಯಲ್ಲಿ.

ಆ ಪ್ರಶ್ನೆಯು ಸಾಮಾನ್ಯವಾಗಿ ‘ಯಾವ ಊರು?’ ಎಂಬುದು. ನಾನು ಮೈಸೂರು ಕಡೆಯವನು. ನಮ್ಮಲ್ಲಿ ಬಸ್ಸಿನಲ್ಲಿ ಒಟ್ಟಿಗೆ ಕುಳಿತ ಇಬ್ಬರು ಎರಡು ಗಂಟೆಯ ಕಾಲ ಕಿಟಕಿಯ ಹೊರಗೆ ನೋಡುತ್ತ ಮರ್ಯಾದೆಯಿಂದ ಮೌನವಾಗಿರಬಲ್ಲರು. ಶಿಗ್ಗಾಂವಿಯ ಕಡೆ ಅದು ಸಾಧ್ಯವಿಲ್ಲ. ಆ ಸೀಮೆಯಲ್ಲಿ ಒಮ್ಮೆ ಪ್ರಯಾಣ ಮಾಡುತ್ತಿದ್ದಾಗ, ಬುಟ್ಟಿಯೊಡನೆ ಬಂದು ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ಬುಟ್ಟಿಯನ್ನು ಸರಿಯಾಗಿ ಇಡುವುದಕ್ಕೂ ಮೊದಲೇ ‘ಯಾವೂರಪ್ಪಾ?’ ಎಂದಳು. ಮೈಸೂರೆಂದೆ. ‘ಮಳಿ ಆಗೇತೇನು ಆ ಕಡೆ?’ ಎಂದಳು. ಅಲ್ಲಿಂದ ಮುಂದೆ ಮಾತು ಹೆಸರು, ಕೀಳದೆ ಉಳಿದ ಶೇಂಗಾ, ಸೊಸೆಯ ಬಾಣಂತನ, ನನ್ನ ಕನ್ನಡಕದ ಬೆಲೆ, ಹೀಗೆ ಹರಿಯಿತು. ಇಲ್ಲಿ ಹೆಸರೆಂದರೆ ಹೆಸರುಕಾಳು. ನನ್ನ ಹೆಸರನ್ನು ಅವಳು ಕೊನೆಯವರೆಗೂ ಕೇಳಲಿಲ್ಲ. ನಾನೂ ಅವಳ ಹೆಸರನ್ನು ಕೇಳಲಿಲ್ಲ. ಇಷ್ಟಾದರೂ ಆ ಮುಕ್ಕಾಲು ಗಂಟೆಯಲ್ಲಿ ಆ ಮನೆಯ ಸುಖದುಃಖಗಳು ನನಗೆ ತಿಳಿದಷ್ಟು ನನ್ನ ಬೀದಿಯ ಎದುರುಮನೆಯವರದು ಇಂದಿಗೂ ತಿಳಿದಿಲ್ಲ.

ಊರನ್ನು ಕೇಳುವ ಪ್ರಶ್ನೆಗೆ ಒಂದು ಗುಣವಿದೆ. ಅದಕ್ಕೆ ಉತ್ತರ ಕೊಟ್ಟವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಕೇಳಿದವನಿಗೆ ಮಾತಿನ ಒಂದು ಎಳೆ ಸಿಕ್ಕುವುದು. ಬ್ಯಾಡಗಿಯೆಂದರೆ ಮೆಣಸಿನಕಾಯಿ, ಸವಣೂರೆಂದರೆ ವೀಳ್ಯದೆಲೆ, ಹಾನಗಲ್ಲೆಂದರೆ ತಾರಕೇಶ್ವರನ ಗುಡಿ, ಹುಲಗೂರೆಂದರೆ ದರ್ಗಾದ ಉರುಸು. ಹೆಸರು ಹೇಳಿದ ಕೂಡಲೆ ಊರು ಮಾತನಾಡತೊಡಗುವುದು. ಆದರೆ ಇದೇ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯು ಹೊಂಚುಹಾಕಿ ನಿಂತಿರುತ್ತದೆ. ಯಾವ ಊರು ಎಂದ ಮೇಲೆ ಯಾವ ಓಣಿ. ಯಾವ ಓಣಿಯೆಂದ ಮೇಲೆ ಯಾರ ಪೈಕಿ. ಅಲ್ಲಿಗೂ ತಿಳಿಯದಿದ್ದರೆ ನೇರವಾಗಿ ‘ನೀವು ಯಾವ ಜನ?’ ನಮ್ಮ ಗ್ರಾಮಗಳ ರಚನೆಯನ್ನು ಬಲ್ಲವರಿಗೆ ಓಣಿಯ ಹೆಸರು ಜಾತಿಯ ಹೆಸರೇ ಆಗಿರುವುದೆಂಬುದನ್ನು ಹೇಳಬೇಕಾಗಿಲ್ಲ.

ಈ ಪ್ರಶ್ನೆಯು ಕೇವಲ ಕುತೂಹಲದಿಂದ ಹುಟ್ಟಿದುದೆಂದು ಭಾವಿಸಬಾರದು. ಅದಕ್ಕೆ ವ್ಯಾವಹಾರಿಕವಾದ ಕಾರಣವಿದ್ದಿತು. ಬಂದವನನ್ನು ಕಟ್ಟೆಯ ಮೇಲೆ ಕೂರಿಸುವುದೋ ಕೆಳಗೋ, ನೀರನ್ನು ತಂಬಿಗೆಯಲ್ಲಿ ಕೊಡುವುದೋ ಬೊಗಸೆಗೆ ಎರೆಯುವುದೋ, ಚಹದಂಗಡಿಯಲ್ಲಿ ಒಳಗಿನ ಬಟ್ಟಲೋ ಹೊರಗೆ ಗೂಟಕ್ಕೆ ತಗುಲಿಹಾಕಿದ ಬಟ್ಟಲೋ, ಇವುಗಳನ್ನು ನಿರ್ಣಯಿಸದೆ ಮಾತು ಮುಂದುವರಿಯುವಂತಿರಲಿಲ್ಲ. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನದ 17ನೆಯ ವಿಧಿಯು ರದ್ದುಮಾಡಿತು. 1955ರಲ್ಲಿ ಅದನ್ನು ದಂಡನೀಯವಾಗಿ ಮಾಡುವ ಕಾನೂನೂ ಬಂದಿತು. ಆದರೂ ಪ್ರಶ್ನೆಯು ಉಳಿದುಕೊಂಡಿತು. ಬಾಡಿಗೆಯ ಮನೆಯನ್ನು ಹುಡುಕುವ ನನ್ನ ವಿದ್ಯಾರ್ಥಿಗಳು ಅದನ್ನು ಈಗಲೂ ಕೇಳಿಸಿಕೊಳ್ಳುತ್ತಿರುವರು; ಸ್ವಲ್ಪ ನಯವಾದ ಭಾಷೆಯಲ್ಲಿ, ‘ಊಟ ಏನು ಮಾಡುತ್ತೀರಿ?’ ಎಂದು. ಯಾವ ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ತನ್ನ ಆಸನ ಬದಲಾಗಬಹುದೋ ಆ ಪ್ರಶ್ನೆಯನ್ನು ಎದುರಿಸುವವನು ಮಾತನಾಡಲಾರನು. ಅವನು ಸಾಕ್ಷಿ ಹೇಳುತ್ತಿರುವನು.

ಈ ನೋವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ, ತಮ್ಮನ್ನು ಯಾರು ಎತ್ತ ಎಂದು ವಿಚಾರಿಸದೆ ಮನೆಮಗನೆಂದೇ ತಿಳಿಯುವಂತೆ ಮಾಡೆಂದು ಕೂಡಲಸಂಗಮದೇವನನ್ನು ಬೇಡಿಕೊಂಡರು. ಅದು ಇಂದು ಶಾಲೆಯ ಮಕ್ಕಳೆಲ್ಲರಿಗೂ ಬಾಯಿಪಾಠವಾಗಿದೆ. ಬಾಯಿಪಾಠವಾದುದರಿಂದಲೇ ಅದರಲ್ಲಿರುವ ಪ್ರಾರ್ಥನೆಯ ಆರ್ತತೆ ನಮಗೆ ಕೇಳಿಸದೆ ಹೋಗಿದೆಯೋ ಏನೋ. ಕನಕದಾಸರು ಹುಟ್ಟಿದ ಬಾಡವೂ ಇದೇ ಶಿಗ್ಗಾಂವಿಯ ಸೀಮೆಯಲ್ಲಿರುವುದು. ಕುಲವನ್ನು ಕೇಳುವವರಿಗೆ ಮರುಪ್ರಶ್ನೆ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಒಂದೇ ನೆಲದಲ್ಲಿ ಒಂದೇ ಪ್ರಶ್ನೆಗೆ ಇಷ್ಟು ಸಲ ಉತ್ತರ ಹೇಳಬೇಕಾಗಿ ಬಂದಿತೆಂದರೆ ಪ್ರಶ್ನೆಯು ಎಷ್ಟು ಬಲವಾಗಿದ್ದಿರಬೇಕು!

ಈಗ ಹುಲಗೂರಿನ ಹಾದಿಗೆ ಬರೋಣ. ಶಿಶುನಾಳದಲ್ಲಿ ಇಮಾಮಸಾಹೇಬರೆಂಬ ಗೃಹಸ್ಥರಿದ್ದರು. ಅವರು ಹುಲಗೂರಿನ ಖಾದರಿ ಗುರುಗಳ ಶಿಷ್ಯರು. ಬಹುಕಾಲ ಮಕ್ಕಳಿಲ್ಲದ ಆ ದಂಪತಿಗಳಿಗೆ ಹುಲಗೂರಿನ ಗುರುವಿನ ಅನುಗ್ರಹದಿಂದ ಗಂಡುಮಗು ಹುಟ್ಟಿತೆಂದು ಜನ ನಂಬುವರು. 1819ರಲ್ಲಿ ಹುಟ್ಟಿದ ಆ ಮಗುವೇ ಸಂತ ಶಿಶುನಾಳ ಶರೀಫ ಸಾಹೇಬರು. ಖಾದರಿ ಗುರುಗಳು ಹಿಂದೂ ಮುಸಲ್ಮಾನ ಮಾರ್ಗಗಳೆರಡನ್ನೂ ಒಂದುಗೂಡಿಸಬೇಕೆಂಬ ಹಂಬಲವುಳ್ಳವರೆಂದೂ, ಶಿಷ್ಯರಿಗೆ ಲಿಂಗದೀಕ್ಷೆಯನ್ನೂ ಕೊಡುತ್ತಿದ್ದರೆಂದೂ ಆ ಪ್ರಾಂತದ ಐತಿಹ್ಯವು ಹೇಳುವುದು. ಇಮಾಮಸಾಹೇಬರು ಮಗನಿಗೆ ರಾಮಾಯಣ ಭಾರತಗಳ ಕಥೆಗಳನ್ನೂ ಅಲ್ಲಮಪ್ರಭುವಿನ ತತ್ತ್ವವನ್ನೂ ಹೇಳಿಕೊಡುತ್ತಿದ್ದರಂತೆ. ಹುಡುಗನನ್ನು ಓದಿಗೆ ಹಾಕುವ ಕಾಲ ಬಂದಾಗ ಅವರು ಅವನನ್ನು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳ ಬಳಿಗೆ ಕರೆದುಕೊಂಡುಹೋದರು.

ಇಲ್ಲಿ ನಡೆದ ಮೊದಲ ಸಂಭಾಷಣೆಯನ್ನು ಆ ಸೀಮೆಯ ಜನ ಇಂದಿಗೂ ಹೇಳುವರು. ಭಟ್ಟರು ಹುಡುಗನನ್ನು ನೋಡಿ ‘ನಿನ್ನ ಅಪ್ಪ ಯಾರು?’ ಎಂದು ಕೇಳಿದರು. ಹೊಸಬನನ್ನು ಕಂಡಾಗ ದೊಡ್ಡವರು ಕೇಳುವ ಸಹಜವಾದ ಪ್ರಶ್ನೆಯೇ ಇದು. ಹುಡುಗನು ಕೊಟ್ಟ ಉತ್ತರವು, ನಿಮ್ಮ ಅಪ್ಪ ಯಾರೋ ನನ್ನ ಅಪ್ಪನೂ ಅವನೇ ಎಂಬ ಅರ್ಥದ್ದಾಗಿತ್ತು. ಪಕ್ಕದಲ್ಲಿದ್ದ ತಂದೆಗೆ ಎಷ್ಟು ಮುಜುಗರವಾಗಿರಬೇಕೆಂಬುದನ್ನು ಮಕ್ಕಳನ್ನು ಶಾಲೆಗೆ ಸೇರಿಸಲು ಕರೆದೊಯ್ದ ಯಾವ ತಂದೆಯಾದರೂ ಊಹಿಸಬಲ್ಲನು. ಭಟ್ಟರು ಮಾತ್ರ ಸಂತೋಷಪಟ್ಟು, ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಇದು ಐತಿಹ್ಯ, ಪಕ್ಕದಲ್ಲಿ ಕುಳಿತು ಬರೆದುಕೊಂಡವರು ಯಾರೂ ಇಲ್ಲ. ಆದರೆ ಜನರು ಒಂದು ಕಥೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದಿರುವರೆಂದರೆ ಅದರಲ್ಲಿ ಅವರಿಗೆ ಬೇಕಾದುದೇನೋ ಇದ್ದಿರಬೇಕು. ಈ ಕಥೆಯನ್ನು ಹೇಳುವವರೆಲ್ಲರೂ ಹುಡುಗನ ಜಾಣ್ಮೆಯನ್ನು ಹೊಗಳುವರು. ನನ್ನ ಕಣ್ಣು ಬೀಳುವುದು ಗುರುವಿನ ಕಡೆಗೆ. ಕೇಳಿದ್ದು ವಂಶದ ಪ್ರಶ್ನೆ, ಬಂದದ್ದು ಬೇರೆಯೇ ಉತ್ತರ. ಹೀಗಾದಾಗ ಪ್ರಶ್ನೆ ಕೇಳಿದವನ ಮುಂದೆ ಎರಡು ದಾರಿಗಳಿರುತ್ತವೆ. ‘ಅದಲ್ಲ ಕೇಳಿದ್ದು’ ಎಂದು ತನ್ನ ಪ್ರಶ್ನೆಗೇ ಜೋತುಬೀಳುವುದು ಒಂದು; ಇದು ಜನಗಣತಿಗೆ ಬಂದವನ ದಾರಿ, ಅವನ ಹಾಳೆಯಲ್ಲಿ ತುಂಬಬೇಕಾದ ಕೋಣೆಯೊಂದಿರುವುದು. ಎದುರಿನವನು ತನ್ನ ಪ್ರಶ್ನೆಯನ್ನೇ ಬದಲಾಯಿಸಿದನೆಂಬುದನ್ನು ಒಪ್ಪಿ, ಬದಲಾದ ಪ್ರಶ್ನೆಯ ಹಿಂದೆ ಹೋಗುವುದು ಇನ್ನೊಂದು. ಗೋವಿಂದಭಟ್ಟರು ಎರಡನೆಯದನ್ನು ಹಿಡಿದರು. ಅಪರಿಚಿತರ ನಡುವೆ ಮಾತು ಹುಟ್ಟುವುದು ಈ ಗಳಿಗೆಯಲ್ಲಿ ಎಂಬುದೇ ನಾನು ಈ ಭಾಷಣದಲ್ಲಿ ಹೇಳಬೇಕೆಂದಿರುವ ವಿಷಯ. ಮೊದಲ ಪ್ರಶ್ನೆಯು ಕೇಳಲ್ಪಟ್ಟವನಿಗಿಂತ ಹೆಚ್ಚಾಗಿ ಕೇಳಿದವನನ್ನೇ ಪರೀಕ್ಷಿಸುವುದು.

ಮುಂದಿನ ಸಂಗತಿಗಳು ಪ್ರಸಿದ್ಧವಾಗಿವೆ. ಮಡಿಮೈಲಿಗೆಗಳನ್ನು ಲಕ್ಷಿಸದೆ ಯಾರ ಮನೆಯಲ್ಲಾದರೂ ಉಣ್ಣುತ್ತಿದ್ದ ಗುರುವೂ ಮುಸಲ್ಮಾನ ಶಿಷ್ಯನೂ ಜೊತೆಯಾಗಿ ತಿರುಗಾಡಿದರು. ಗುರುವು ತನ್ನ ಜನಿವಾರವನ್ನು ಶಿಷ್ಯನಿಗೆ ತೊಡಿಸಿದನೆಂದು ಹೇಳುವರು. ಎರಡೂ ಕಡೆಯ ಆಚಾರವಂತರಿಗೆ ಇದು ಹಿಡಿಸಲಿಲ್ಲವೆಂಬುದನ್ನು ಬೇರೆ ಹೇಳಬೇಕೇ? ಶರೀಫರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲವು ಕಾಲ ಕನ್ನಡ ಶಾಲೆಯ ಉಪಾಧ್ಯಾಯರಾಗಿದ್ದರು; ಆಮೇಲೆ ಅದನ್ನು ಬಿಟ್ಟು ಹಾಡುತ್ತ ಊರೂರು ಸುತ್ತಿದರು. 1889ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಯನ್ನು ಉಭಯ ಮತಗಳ ಕ್ರಮದಲ್ಲಿಯೂ ನಡೆಸಿದರೆಂದು ತಿಳಿದುಬರುವುದು. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುವರು.

ಊರೂರು ಸುತ್ತುವ ಹಾಡುಗಾರನೆಂದರೆ ದಿನವೂ ಹೊಸಬರ ಮುಂದೆ ನಿಲ್ಲುವವನು. ಅವನಿಗೆ ಮಾತನ್ನು ಮೊದಲು ಮಾಡುವುದು ಹೇಗೆಂಬ ಪ್ರಶ್ನೆಯು ಹೊಟ್ಟೆಯ ಪ್ರಶ್ನೆಯೂ ಆಗಿರುವುದು. ಶರೀಫರ ಪದಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ರಚನೆಯ ಒಂದು ಗುಟ್ಟು ತಿಳಿಯುವುದು. ಅವರು ತತ್ತ್ವದಿಂದ ಆರಂಭಿಸುವುದಿಲ್ಲ. ಸೋರುವ ಮಾಳಿಗೆಯಿಂದ, ಮುಗ್ಗರಿಸಿ ಬಿದ್ದ ಮುದುಕಿಯಿಂದ, ತಂಬೂರಿಯಿಂದ, ಕುದುರೆಯಿಂದ ಆರಂಭಿಸುವರು. ಧಾರವಾಡದ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕಾಣದವರಿಗೆ ಇದರ ಬಲ ಪೂರ್ತಿಯಾಗಿ ತಿಳಿಯಲಾರದು. ತೊಲೆಜಂತೆಗಳ ಮೇಲೆ ಮಣ್ಣು ಹೊದಿಸಿದ ಆ ಮಾಳಿಗೆಗೆ ವರುಷ ವರುಷವೂ ಮಳೆಗಾಲಕ್ಕೆ ಮೊದಲು ಹೊಸ ಮಣ್ಣನ್ನು ಹಾಕಿ ಗಟ್ಟಿಮಾಡಬೇಕು. ಒಂದು ವರುಷ ಆಲಸ್ಯಮಾಡಿದರೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆದಾಡುತ್ತ, ಪಾತ್ರೆಗಳನ್ನು ಅಲ್ಲಲ್ಲಿ ಇಡುತ್ತ ರಾತ್ರಿ ಕಳೆಯಬೇಕು. ದೇಸಾಯರ ವಾಡೆಯೂ ಸೋರುವುದು, ಕೂಲಿಯವನ ಗುಡಿಸಲೂ ಸೋರುವುದು, ಮಸೀದಿಯ ಪಕ್ಕದ ಮನೆಯೂ ಸೋರುವುದು. ‘ಮಾಳಿಗೆ ಸೋರುತ್ತಿದೆ’ ಎಂದು ಒಬ್ಬನು ಹಾಡಲು ಮೊದಲು ಮಾಡಿದರೆ, ಕೇಳುತ್ತ ನಿಂತವರಲ್ಲಿ ಅದು ತನ್ನದಲ್ಲವೆನ್ನುವವನು ಯಾರು? ದೇಹವೇ ಆ ಮನೆ, ಅಜ್ಞಾನವೇ ಆ ಸೋರಿಕೆ ಎಂಬುದು ಆಮೇಲಿನ ಮಾತು. ಅಷ್ಟು ಹೊತ್ತಿಗೆ ಅಪರಿಚಿತರು ಒಂದೇ ಸೂರಿನ ಕೆಳಗೆ ಬಂದಾಗಿರುವುದು.

ಬಸ್ಸಿನ ಮುದುಕಿಯು ಮಳೆಯನ್ನು ವಿಚಾರಿಸಿದ್ದೂ ಇದೇ ರೀತಿಯದು. ಹೊಸಬನೊಡನೆ ಆಡುವ ಮಾತು ಇಬ್ಬರಿಗೂ ಸೇರಿದ, ಇಬ್ಬರಲ್ಲಿ ಒಬ್ಬನಿಗೇ ಸೇರದ ಒಂದು ವಸ್ತುವಿನಿಂದ ಹೊರಡಬೇಕು. ಮಳೆ, ದಾರಿ, ಎತ್ತು, ಧಾರಣೆ, ತಡವಾದ ಬಸ್ಸು, ಇವು ಕ್ಷುಲ್ಲಕವೆಂದು ನಗುವ ವಿದ್ಯಾವಂತರನ್ನು ನಾನು ಬಲ್ಲೆ. ಆಂಗ್ಲರು ಹವೆಯನ್ನು ಕುರಿತು ಮಾತನಾಡುವುದನ್ನು ಹಾಸ್ಯಮಾಡುವ ಪ್ರಬಂಧಗಳನ್ನು ನಾವು ಇಂಟರ್ಮೀಡಿಯೆಟ್ಟಿನ ಮಕ್ಕಳಿಗೆ ಬಹುಕಾಲ ಪಾಠ ಹೇಳಿದೆವು. ಬಾವಿಯ ಹಗ್ಗವೂ ಕ್ಷುಲ್ಲಕವೇ. ಅದನ್ನು ಬಿಟ್ಟು ನೀರೆತ್ತಿದವರಿಲ್ಲ.

ಈ ಸೀಮೆಯಲ್ಲಿ ಹಗ್ಗದ ಕೆಲಸವನ್ನು ಮಾಡುತ್ತಿದ್ದುದರಲ್ಲಿ ಎಲೆ ಅಡಕೆಗೆ ಮೊದಲ ಸ್ಥಾನ. ಸವಣೂರಿನ ವೀಳ್ಯದೆಲೆಯ ಕೀರ್ತಿಯು ದೊಡ್ಡದು. ಕಟ್ಟೆಯ ಮೇಲೆ ಕುಳಿತವನು ಸಂಚಿಯನ್ನು ಬಿಚ್ಚಿ, ಎಲೆಯನ್ನು ತೊಡೆಯ ಮೇಲೆ ಒರಸಿ, ಸುಣ್ಣ ಹಚ್ಚುತ್ತ, ಪಕ್ಕಕ್ಕೆ ಬಂದು ಕುಳಿತ ದಾರಿಹೋಕನ ಕಡೆಗೆ ಸಂಚಿಯನ್ನು ಸರಿಸುವನು. ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕೇಳುವುದಕ್ಕೆ ಮೊದಲು ಕೊಡುವುದು. ಕೊಟ್ಟು ಕೇಳಿದವನಿಗೆ ಉತ್ತರ ಸಿಕ್ಕುವುದು, ಬರಿಗೈಯಲ್ಲಿ ಕೇಳಿದವನಿಗೆ ಸಂಶಯ ಸಿಕ್ಕುವುದು. ಬಾಯಿಯಲ್ಲಿ ಎಲೆ ಇರುವಷ್ಟು ಹೊತ್ತು ಮಾತು ತಾನಾಗಿಯೇ ನಿಧಾನವಾಗುವುದೂ ಒಂದು ಪ್ರಯೋಜನ! ಸಂತೆಯ ದನದ ಪೇಟೆಯಲ್ಲಿ ಇನ್ನೊಂದು ವಿಚಿತ್ರ ಸಂಭಾಷಣೆಯನ್ನು ಕಾಣಬಹುದು. ದಲ್ಲಾಳಿಯೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈಯಿಟ್ಟು, ಬೆರಳುಗಳನ್ನು ಹಿಡಿದು ಒತ್ತಿ ಬೆಲೆಯನ್ನು ಕಟ್ಟುವರು. ಅದೇ ಹೊತ್ತಿನಲ್ಲಿ ಬಾಯಿಯು ಎತ್ತಿನ ಸುಳಿಯನ್ನೋ ಹಾದಿಯ ಧೂಳನ್ನೋ ಕುರಿತು ಮಾತನಾಡುತ್ತಿರುವುದು. ಸ್ವಾರ್ಥದ ಮಾತು ಬಟ್ಟೆಯ ಕೆಳಗೆ, ಸ್ನೇಹದ ಮಾತು ಬಟ್ಟೆಯ ಮೇಲೆ. ಎರಡನ್ನೂ ಬೆರಸದೆ ಇಟ್ಟ ಈ ಏರ್ಪಾಡನ್ನು ನಾನು ಬಲು ಮೆಚ್ಚುತ್ತೇನೆ.

ಎಲ್ಲ ಮಾತೂ ಹೀಗೆ ಬೆಸೆಯುವುದೆಂದು ಹೇಳಲಾಗದು. ಇದೇ ಪ್ರಾಂತದ ದಕ್ಷಿಣಕ್ಕೆ, ಹಿರೇಕೆರೂರಿನ ಸೀಮೆಯಲ್ಲಿ, ಅಬ್ಬಲೂರು ಇದೆ. ಅಲ್ಲಿಯ ಸೋಮೇಶ್ವರ ದೇವಾಲಯದ ಸುಮಾರು 1200ರ ಕಾಲದ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಹೇಳುವುದು. ಶೈವನಾದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ದೇವರನ್ನು ಕುರಿತು ವಾದ ಹತ್ತಿತು. ವಾದವು ಪಣಕ್ಕೆ ತಿರುಗಿತು. ರಾಮಯ್ಯನು ತಲೆಯನ್ನೇ ಪಣವಾಗಿಟ್ಟು, ಅದನ್ನು ಕತ್ತರಿಸಿಕೊಂಡು ಮರಳಿ ಪಡೆದನೆಂದೂ, ಕೊನೆಗೆ ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟನೆಂದೂ ಅದರ ಸಾರ. ಪವಾಡದ ಮಾತು ಹಾಗಿರಲಿ. ಅಲ್ಲಿ ಎರಡು ಪಂಗಡಗಳು ಎದುರುಬದುರಾಗಿ ಮಾತನಾಡಿದುದೇನೋ ನಿಜ. ಆದರೆ ಯಾರ ಪ್ರಶ್ನೆಯೂ ಬದಲಾಗಲಿಲ್ಲ. ಒಬ್ಬನು ಗೆದ್ದು ಮತ್ತೊಬ್ಬನು ಸೋತನು. ಜಯಪತ್ರದಲ್ಲಿ ಮುಗಿಯುವ ಮಾತಿಗೆ ವಾದವೆಂದು ಹೆಸರು. ಅಬ್ಬಲೂರಿಗೂ ಶಿಶುನಾಳಕ್ಕೂ ನಡುವೆ ಇರುವ ದೂರವನ್ನು ಬಸ್ಸು ಕೆಲವೇ ಗಂಟೆಗಳಲ್ಲಿ ಕ್ರಮಿಸುವುದು. ಇಂದು ಪ್ರತಿಯೊಬ್ಬನ ಅಂಗೈಯಲ್ಲಿರುವ ದೂರವಾಣಿಯಲ್ಲಿ ಗುರುತಿಲ್ಲದವರು ಗುರುತಿಲ್ಲದವರೊಡನೆ ಹಗಲಿರುಳು ಆಡುವ ಮಾತನ್ನು ನೋಡಿದರೆ, ನಾವು ಬಹುಮಟ್ಟಿಗೆ ಅಬ್ಬಲೂರಿನಲ್ಲಿಯೇ ಇಳಿದುಕೊಂಡಿದ್ದೇವೆಂದು ತೋರುವುದು. ಹೆಸರನ್ನು ನೋಡಿದ ಕೂಡಲೆ ಪಕ್ಷವನ್ನು ಊಹಿಸಿ, ಪಕ್ಷವನ್ನು ಊಹಿಸಿದ ಕೂಡಲೆ ತಲೆಯನ್ನು ಕೇಳುವರು. ಹುಲಗೂರಿನ ಹಾದಿಯಲ್ಲಿ ನಡೆದಾಡಿದ ಹೆಸರುಗಳನ್ನೇ ಇಂದು ಒಂದು ಕಡೆಗೋ ಇನ್ನೊಂದು ಕಡೆಗೋ ಎಳೆಯುವ ಪ್ರಯತ್ನಗಳು ಅಪರೂಪವಲ್ಲ.

ಪಾಶ್ಚಾತ್ಯ ಪಂಡಿತರೂ ಈ ವಿಷಯವನ್ನು ವಿಚಾರಿಸಿರುವರು. ಜರ್ಮನಿಯ ಗೇಯೊರ್ಗ್ ಜಿಮ್ಮೆಲ್ ಎಂಬ ಸಮಾಜಶಾಸ್ತ್ರಜ್ಞನು 1908ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಬಂಧದಲ್ಲಿ, ಆಪ್ತರಿಂದಲೂ ಮುಚ್ಚಿಟ್ಟ ಸಂಗತಿಗಳನ್ನು ಜನ ಹೊರಗಿನವನ ಮುಂದೆ ಬಿಚ್ಚಿ ಹೇಳುವರೆಂಬುದನ್ನು ಎತ್ತಿ ತೋರಿಸಿದನು. ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುವವನು ನಮ್ಮ ಗುಟ್ಟನ್ನು ತನ್ನೊಡನೆ ಕೊಂಡೊಯ್ಯುವನಲ್ಲವೆ! ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ, ಉದ್ಯೋಗದ ಸುದ್ದಿಯು ಜನರಿಗೆ ಆಪ್ತಮಿತ್ರರಿಂದಲ್ಲದೆ ಅಪರೂಪವಾಗಿ ಕಾಣುವವರಿಂದಲೇ ಹೆಚ್ಚಾಗಿ ಬರುವುದೆಂದು ತೋರಿಸಿದನು. ಸಂತೆಗೆ ಹೋಗಿ ಗಂಡು ಹೆಣ್ಣಿನ ಸಂಬಂಧದ ಸುದ್ದಿಯನ್ನು ತರುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸದಾಗಿ ಕಾಣಲಾರದು. ಇತ್ತೀಚೆಗೆ ನಿಕೊಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ಷಿಕಾಗೋ ನಗರದ ರೈಲುಗಳಲ್ಲಿಯೂ ಬಸ್ಸುಗಳಲ್ಲಿಯೂ ಪರೀಕ್ಷೆ ನಡೆಸಿ 2014ರಲ್ಲಿ ಫಲವನ್ನು ಪ್ರಕಟಿಸಿದರು. ಪಕ್ಕದ ಅಪರಿಚಿತನೊಡನೆ ಮಾತನಾಡಿರೆಂದು ಹೇಳಿಸಿಕೊಂಡವರಿಗೆ, ಒಂಟಿಯಾಗಿರಿ ಎಂದು ಹೇಳಿಸಿಕೊಂಡವರಿಗಿಂತ ಪ್ರಯಾಣವು ಹಿತಕರವಾಗಿತ್ತು. ಆದರೆ ಹಾಗೆ ಮಾತನಾಡಿದರೆ ಹೇಗಿರಬಹುದೆಂದು ಊಹಿಸಲು ಹೇಳಿದಾಗ ಜನರು ತದ್ವಿರುದ್ಧವಾಗಿ ಊಹಿಸಿದರು. ಪ್ರತಿಯೊಬ್ಬನೂ ತಾನು ಮಾತಿಗೆ ಸಿದ್ಧನೆಂದೂ ಪಕ್ಕದವನು ಸಿದ್ಧನಲ್ಲವೆಂದೂ ಎಣಿಸಿದುದೇ ಮೌನಕ್ಕೆ ಮುಖ್ಯವಾದ ಕಾರಣ. ಮನಶ್ಶಾಸ್ತ್ರದ ಮಾತು ಬಂದಾಗ ಮೈಸೂರಿನವರಾದ ನಮಗೆ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ನೆನಪು ಬಾರದಿರದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ಆಕಾಶವಾಣಿಯ ಪುಟ್ಟ ನಿಲಯವನ್ನು ಆರಂಭಿಸಿದರು. ಮನಸ್ಸನ್ನು ಬಲ್ಲವರೇ ಗುರುತಿಲ್ಲದ ಮನೆಗಳಿಗೆ ಮಾತನ್ನು ಕಳುಹಿಸಲು ಹೊರಟರೆಂಬುದು ನನಗೆ ಅರ್ಥವತ್ತಾಗಿ ಕಾಣುವುದು. ಎದುರಿನವರು ಉತ್ತರ ಹೇಳಲಾರರೆಂಬುದೊಂದೇ ಈ ಬಗೆಯ ಮಾತಿನ ಕೊರತೆ. ಭಾಷಣಕಾರರಲ್ಲಿ ಕೆಲವರಿಗೆ ಅದೇ ಅನುಕೂಲ.

ಇಷ್ಟನ್ನು ಹೇಳಿದ ಮೇಲೆ ಎರಡು ಆಕ್ಷೇಪಣೆಗಳನ್ನು ಎದುರಿಸದೆ ಮುಂದೆ ಹೋಗಬಾರದು. ಗುರುತಿಲ್ಲದವರನ್ನು ನಂಬಿ ಕೆಟ್ಟವರಿಲ್ಲವೆ ಎಂಬುದು ಮೊದಲನೆಯದು. ಇದ್ದಾರೆ. ದೂರವಾಣಿಯಲ್ಲಿ ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಮಾತನಾಡಿ ಮುದುಕರ ಪಿಂಚಣಿಯನ್ನು ದೋಚುವ ಕಳ್ಳರ ಕಥೆಗಳನ್ನು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಆದರೆ ಸೂಕ್ಷ್ಮವಾಗಿ ನೋಡಿದರೆ ಈ ಕಳ್ಳನು ಅಪರಿಚಿತನಾಗಿ ಬರುವುದಿಲ್ಲ. ನಮ್ಮ ಹೆಸರು, ಖಾತೆ, ವಿಳಾಸಗಳನ್ನು ಬಲ್ಲ ಪರಿಚಿತನ ವೇಷದಲ್ಲಿ ಬರುವನು. ಅವನು ಮಳೆಯನ್ನು ವಿಚಾರಿಸುವುದಿಲ್ಲ, ಅವಸರ ಮಾಡುವನು. ವಸ್ತ್ರದ ಕೆಳಗಿನ ಮಾತನ್ನೂ ಮೇಲಿನ ಮಾತನ್ನೂ ಬೇರ್ಪಡಿಸಿದ ದನದ ಪೇಟೆಯ ಬುದ್ಧಿಯನ್ನು ಇಟ್ಟುಕೊಂಡವರಿಗೆ ಮಾತಿನ ಭಯವಿರಬೇಕಾಗಿಲ್ಲ. ಹಣದ ಎಚ್ಚರವಿದ್ದರೆ ಸಾಕು.

ಎರಡನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು. ಈ ಸಂಭಾಷಣೆಯ ಸುಖವೆಲ್ಲವೂ ಗಂಡಸರದೇ ಎಂದು ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಹೇಳಿದಳು. ಒಂಟಿಯಾಗಿ ಪ್ರಯಾಣ ಮಾಡುವ ಹುಡುಗಿಗೆ ‘ಯಾವೂರು?’ ಎಂಬ ಪ್ರಶ್ನೆಯು ಮಾತಿನ ಹಗ್ಗವಾಗಿ ಕಾಣದೆ ಕುಣಿಕೆಯಾಗಿ ಕಾಣಬಹುದು. ಆಕೆ ಕಿಟಕಿಯ ಹೊರಗೆ ನೋಡುವುದಕ್ಕೂ ನಾನು ನೋಡುವುದಕ್ಕೂ ಅರ್ಥವು ಬೇರೆ. ಕಟ್ಟೆಯೂ ಚಹದಂಗಡಿಯೂ ಎಂದೂ ಹೆಣ್ಣುಮಕ್ಕಳಿಗಾಗಿ ಆದುವಲ್ಲ. ಅವರ ಸಂಭಾಷಣೆಯು ಕೆರೆಯ ದಂಡೆಯಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ, ದರ್ಗಾದ ಅಂಗಳದಲ್ಲಿ ನಡೆಯಿತು. ಆದಕಾರಣ ಮೊದಲ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದನ್ನೂ ಒಂದು ಉತ್ತರವೆಂದು ಸ್ವೀಕರಿಸಬೇಕಾದುದು ಕೇಳಿದವನ ಹೊಣೆ. ಗೋವಿಂದಭಟ್ಟರು ಅನಿರೀಕ್ಷಿತವಾದ ಉತ್ತರವನ್ನು ಒಪ್ಪಿಕೊಂಡಂತೆ, ಮೌನವನ್ನೂ ಒಪ್ಪಿಕೊಳ್ಳಬೇಕಾಗುವುದು. ಇದನ್ನರಿಯದೆ ಮೂರು ಸಲ ಕೇಳುವ 'ಸ್ನೇಹಶೀಲ'ರು ಮಾತಿಗೆ ಮಾಡಿದಷ್ಟು ಕೇಡನ್ನು ಮೌನಿಗಳು ಮಾಡಿಲ್ಲ.

ಹುಲಗೂರು ಶಿಶುನಾಳಗಳ ಸೀಮೆಯಲ್ಲಿ ಮಾತೇ ಇಲ್ಲದೆ ಹೊಸಬನನ್ನು ಒಳಗೆ ಕರೆದುಕೊಳ್ಳುವ ಒಂದು ಪದ್ಧತಿಯೂ ಇದೆ. ರಾತ್ರಿಯ ಭಜನೆಯಲ್ಲಿ ಏಕತಾರಿ, ಹಾರ್ಮೋನಿಯಂ, ದಮಡಿಗಳ ಸುತ್ತ ಜನ ಕುಳಿತು ತತ್ತ್ವಪದಗಳನ್ನು ಹಾಡುತ್ತಿರುವರು. ಮೊಹರಮ್ಮಿನ ದಿನಗಳಲ್ಲಿ ರಿವಾಯತ್ ಪದಗಳಿಗೆ ಹಿಂದೂಗಳೂ ಹೆಜ್ಜೆ ಹಾಕುವರು. ಶರೀಫರು ಎರಡು ಬಗೆಯ ಹಾಡುಗಳನ್ನೂ ಕಟ್ಟಿದವರು. ದಾರಿಹೋಕನು ಬಾಗಿಲ ಬಳಿ ನಿಂತರೆ, ಹಾಡನ್ನು ನಿಲ್ಲಿಸದೆಯೇ ಯಾರೋ ಒಬ್ಬರು ತುಸು ಸರಿದು ಜಾಗ ಮಾಡುವರು. ಇನ್ನೊಬ್ಬರು ಅವನ ಕೈಗೆ ತಾಳವನ್ನು ಕೊಡುವರು. ತಾಳ ತಪ್ಪಿದರೆ ನೋಡಿ ನಗುವರು, ತಪ್ಪದಿದ್ದರೆ ನೋಡುವುದೂ ಇಲ್ಲ. ಊರು ಯಾವುದೆಂಬ ಪ್ರಶ್ನೆಯು ಬರುವುದು ಮಂಗಳಾರತಿಯಾದ ಮೇಲೆ, ಚಹದ ಹೊತ್ತಿನಲ್ಲಿ. ಆಗಲೂ ಅದರ ಬೆನ್ನಿಗೆ ಬರುವುದು, ನಿಮ್ಮ ಕಡೆ ಈ ಪದವನ್ನು ಯಾವ ಮಟ್ಟಿನಲ್ಲಿ ಹಾಡುತ್ತಾರೆ ಎಂಬ ವಿಚಾರಣೆ. ಎದ್ದು ಹೊರಡುವಾಗ ಹೊಸಬನು ‘ಹೋಗುತ್ತೇನೆ’ ಎನ್ನುವುದಿಲ್ಲ. ನಮ್ಮ ನುಡಿಯಲ್ಲಿ ಹಾಗೆನ್ನುವುದು ಅಶುಭ. ಮತ್ತೆ ಆ ಊರಿಗೆ ಕಾಲಿಡುವನೋ ಇಲ್ಲವೋ ತಿಳಿಯದವನೂ ‘ಬರ್ತೀನ್ರಿ’ ಎನ್ನುವನು. ಕುಳಿತವರು ತಾಳವನ್ನು ಚೀಲಕ್ಕೆ ಹಾಕುತ್ತ, ತಲೆಯೆತ್ತದೆಯೇ, ‘ಬರ್ರಿ’ ಎನ್ನುವರು.